ದಿಂಬಿನ ಚೀಲದಲ್ಲಿ ಬಂದ ಅಕ್ಕಿ

ಚಾಂಫಾಯ್
ಜನವರಿ 14

ಮಾಲ್ಸೋಮಿಯ ಅಮ್ಮನಿಗೆ,

ನಾವು ಕ್ಷೇಮ. ನೀವೂ ಕ್ಷೇಮ ಎಂದುಕೊಂಡಿದ್ದೇನೆ. ಅಷ್ಟಕ್ಕೇ ಮುಗಿಯುವಂತಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಬರೆಯುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ಸೈನ್ಯದವರು ಊರೂರನ್ನೇ ಎಬ್ಬಿಸಿ ಒಂದು ಕಡೆ ತಂದು ಹಾಕಿದ ವರ್ಷ ನಮ್ಮ ಶಾಲೆ ಹೋಯಿತು. ಮೂರನೇ ಕ್ಲಾಸಿನಲ್ಲಿ ಬಿಟ್ಟ ಸ್ಲೇಟನ್ನು ನಾನು ಮತ್ತೆ ಮುಟ್ಟಲಿಲ್ಲ. ಸಂತೆಯಲ್ಲಿ ಸಾಸಿವೆ ಸೊಪ್ಪು ಮಾರುವವಳಿಗೆ ಅಷ್ಟು ಓದು ಸಾಕಾಗಿತ್ತು. ಈಗ ಅರವತ್ತೆಂಟನೇ ವಯಸ್ಸಿನಲ್ಲಿ ನೀನು ನನ್ನ ಕೈಲಿ ಕಾಗದ ಬರೆಸುತ್ತಿದ್ದೀಯ. ನಿನ್ನ ಊರಲ್ಲಿ ಫೋನು ಸಿಗಬೇಕಾದರೆ ನೀನು ಗುಡ್ಡ ಹತ್ತಬೇಕು. ಹತ್ತಿದವಳು ಏದುಸಿರು ಬಿಡುತ್ತಾ "ಎಲ್ಲಾ ಚೆನ್ನಾಗಿದೀವಮ್ಮ, ಪ್ರಾರ್ಥನೆ ಮಾಡು" ಎನ್ನುತ್ತೀಯ, ನಾನು ಬಾಯಿ ತೆರೆಯುವಷ್ಟರಲ್ಲಿ ಕಟ್ಟಾಗುತ್ತದೆ. ಇದು ಹಾಗೆ ಅರ್ಧಕ್ಕೆ ನಿಲ್ಲಬಾರದ ಮಾತು.

ನಿನ್ನ ತಮ್ಮ ಜುವಾಲಾ "ನೀನು ಹೇಳ್ತಾ ಹೋಗಮ್ಮ, ನಾನು ಬರ್ಕೊಡ್ತೀನಿ" ಅಂದ. "ನಿನ್ನ ಅಕ್ಕನಿಗೆ ಹೇಳೋದು ನಿನ್ನ ಕಿವಿಗೆ ಬೇಡ" ಅಂದೆ. ಅವನ ಹೆಂಡತಿ ಒಳಗಿನಿಂದ "ಅತ್ತೆ ಉಯಿಲು ಬರೀತಿದಾರೆ, ಸುಮ್ನಿರಿ" ಎಂದು ನಕ್ಕಳು. ನಗಲಿ. ನಿನ್ನೆಯಿಂದ ಮೂರು ಹಾಳೆ ಹರಿದು ಹಾಕಿದ್ದೇನೆ. ನಿಮ್ಮ ಸುವಾರ್ತಿಕರು ಹ್ರಾಂಗ್‌ಕೀಮಾ ರಜೆ ಮುಗಿಸಿಕೊಂಡು ನಾಡಿದ್ದು ನಿಮ್ಮ ಕಡೆಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಅಕ್ಷರ ಓರೆಯಾಗಿದ್ದರೆ ತಲೆ ಓರೆ ಮಾಡಿಕೊಂಡು ಓದು.

ಮೊದಲು ಈ ಮಾತು. ಕ್ರಿಸ್ಮಸ್ಸಿಗೆ ನಾನು ಮಾಲ್ಸೋಮಿಯ ಜೊತೆ ನಿನ್ನನ್ನು ನೋಡಿ ಹೋಗಲು ಬಂದೆ ಎಂದು ನೀನು ತಿಳಿದಿದ್ದೀಯ. ಅದು ಅರ್ಧ ಸತ್ಯ. ನಾನು ಬಂದದ್ದು ನಿನ್ನನ್ನು ಕರೆದುಕೊಂಡು ಬರಲು. ಮಾರ್ಚಿಗೆ ನಿಮ್ಮ ಅವಧಿ ಮುಗಿಯುತ್ತದೆ, ಮಿಷನ್ ಬೋರ್ಡಿನವರು ಇನ್ನೊಂದು ಅವಧಿ ಇರುತ್ತೀರಾ ಎಂದು ಕೇಳಿದ್ದಾರೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಊರಿನ ಚರ್ಚಿನಲ್ಲಿ ಯಾವ ಗುಟ್ಟು ನಿಂತಿದೆ? ಐದು ವರ್ಷ ಸಾಕು, ಮಗಳಿಗೆ ಹನ್ನೊಂದು ತುಂಬಿತು, ಗಂಟು ಕಟ್ಟಿ ಎಂದು ಹೇಳಲೆಂದೇ ಎರಡು ದಿನ ಸುಮೋದಲ್ಲಿ ಕುಲುಕಿಸಿಕೊಂಡು ಬಂದೆ. ಬಂದ ಮೇಲೆ ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಆಮೇಲೆ ಬರೆಯುತ್ತೇನೆ.

ನಿನ್ನ ಸಿಟ್ಟು ನನಗೆ ನೆನಪಿದೆ. ಕ್ರಿಸ್ಮಸ್ ದಿನ ಹಂಡೆ ತಿಕ್ಕುವಾಗ ಅಂದೆಯಲ್ಲ, "ನೀನೇ ಮುದ್ದು ಮಾಡಿ ಹಾಳು ಮಾಡಿದೀಯಮ್ಮ. ಏಳು ದಿನದಲ್ಲಿ ಒಂದು ಸಲಾನೂ ನನ್ನನ್ನ ಅಮ್ಮ ಅಂದಿಲ್ಲ ಅವಳು." ನಾನು ಅವಳನ್ನು ಮುದ್ದು ಮಾಡಿದವಳಲ್ಲ, ಅದು ನಿನಗೂ ಗೊತ್ತು. ನಾನು ಯಾರನ್ನೂ ಮುದ್ದು ಮಾಡಿಲ್ಲ. ಆದರೆ ಅವಳು ಯಾಕೆ ಕರೆಯಲಿಲ್ಲವೆಂದು ಆ ದಿನ ನನಗೂ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಅದನ್ನು ಹೇಳಲು ಈ ಕಾಗದ.

ಅಕ್ಕಿಯ ಕತೆ ಹೇಳಬೇಕು.

ನೀವಿಬ್ಬರೂ ಮಾಲ್ಸೋಮಿಯನ್ನು ನನ್ನ ಹತ್ತಿರ ಬಿಟ್ಟು ಮಿಷನ್ ಕೆಲಸಕ್ಕೆ ಹೋದಾಗ ಅವಳಿಗೆ ಆರು ವರ್ಷ. ನೀವು ಹೋದ ದಿನ ಅತ್ತಳು, ಮಾರನೇ ದಿನ ಅತ್ತಳು, ಆಮೇಲೆ ಅನ್ನದ ಹೊತ್ತಿಗೆ ಮಾತ್ರ ಅಳುವುದು ಅಭ್ಯಾಸವಾಯಿತು. ಅಮ್ಮ ಏನು ತಿಂತಾಳೆ, ಅಲ್ಲಿ ಅನ್ನ ಇದೆಯಾ, ಯಾರು ಕೊಡ್ತಾರೆ ಎಂದು ಒಂದೇ ಸಮ. ನನಗೆ ತಲೆ ಕೆಟ್ಟುಹೋಗಿ ಅವಳ ಕೈ ಹಿಡಿದು ಒಲೆಯ ಹತ್ತಿರ ಎಳೆದುಕೊಂಡು ಹೋದೆ. ಅಕ್ಕಿ ಅಳೆದು ತೊಳೆಯುವ ಮೊದಲು ಒಂದು ಹಿಡಿ ತೆಗೆದು ಚರ್ಚಿನ ಹೆಂಗಸರ ಸಂಘದ ಡಬ್ಬಿಗೆ ಹಾಕುತ್ತೇವಲ್ಲ, ಆ ಹಿಡಿಯನ್ನು ಅವಳ ಕೈಯಲ್ಲೇ ಹಾಕಿಸಿದೆ. "ಇಗೋ, ಈ ಹಿಡಿ ನಿನ್ನ ಅಮ್ಮನಿಗೆ ಹೋಗುತ್ತೆ. ನೀನು ಹಾಕಿದ್ರೆ ಅವಳು ತಿಂತಾಳೆ. ಇನ್ನು ಅಳಬೇಡ" ಅಂದೆ. ಸುಳ್ಳೇನೂ ಹೇಳಲಿಲ್ಲ. ವಾರಕ್ಕೊಮ್ಮೆ ಸಂಘದ ಹೆಂಗಸರು ಬಂದು ಅಕ್ಕಿ ಒಯ್ಯುತ್ತಾರೆ, ಎಲ್ಲ ಮನೆಯದನ್ನೂ ಸೇರಿಸಿ ಮಾರುತ್ತಾರೆ, ಆ ಹಣದಲ್ಲೇ ನಿಮ್ಮಂಥವರ ಸಂಬಳ ಬರುತ್ತದೆ. ನನ್ನ ಅಮ್ಮ ಹಾಕಿದಳು, ನಾನು ಹಾಕಿದೆ, ನೀನೂ ಹಾಕಿದವಳೇ. ಅದನ್ನೆಲ್ಲ ಆರು ವರ್ಷದ ಕೂಸಿಗೆ ಬಿಡಿಸಿ ಹೇಳುವವರು ಯಾರು? ಅಳು ನಿಂತಿತಲ್ಲ, ಅಷ್ಟು ಸಾಕಾಯಿತು ನನಗೆ.

ಅಂದಿನಿಂದ ಆ ಹಿಡಿ ಅವಳದೇ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಶಾಲೆಗೆ ಹೊತ್ತಾದರೂ ಸರಿ, ಜ್ವರ ಬಂದರೂ ಸರಿ, ಎದ್ದು ಬಂದು ಹಿಡಿ ಹಾಕಿ ಹೋಗುತ್ತಾಳೆ. ನಿನಗೆ ಮಲೇರಿಯಾ ಬಂದು ಮಲಗಿದ್ದೆಯಲ್ಲ, ಆಗ ಎರಡೆರಡು ಹಿಡಿ ಹಾಕುತ್ತಿದ್ದಳು. ಅಕ್ಕಿ ಬೇಗ ತಳ ಕಾಣುತ್ತಿದೆ ಎಂದು ನಾನು ಬೈದೆ. "ಅಮ್ಮ ಸೊರಗಿರ್ತಾಳೆ ಅಜ್ಜಿ" ಅಂದಳು. ನಾನು ಅದನ್ನು ಮಕ್ಕಳ ಮಾತು ಎಂದು ಅಲ್ಲೇ ಬಿಟ್ಟೆ.

ಈ ಸಲ ಅಕ್ಟೋಬರಿನಲ್ಲಿ, ಕ್ರಿಸ್ಮಸ್ಸಿಗೆ ನಿನ್ನ ಹತ್ತಿರ ಹೋಗುತ್ತೇವೆ ಎಂದು ಗೊತ್ತಾದ ಮೇಲೆ, ನಮ್ಮ ಡಬ್ಬಿ ಹಗುರಾಗತೊಡಗಿತು. ಅಕ್ಕಿ ಎತ್ತಲು ಬರುವ ಲಿಯಾನಿ ಗೊತ್ತಲ್ಲ, ಅವಳ ನಾಲಿಗೆಯೂ ಗೊತ್ತು. ಡಬ್ಬಿ ಅಲ್ಲಾಡಿಸಿ "ಏನಕ್ಕಾ, ಮನೆಯವರೆಲ್ಲ ಅನ್ನ ಬಿಟ್ಟು ರೊಟ್ಟಿ ಶುರು ಮಾಡಿದ್ರಾ?" ಎಂದು ಬೀದಿಗೆ ಕೇಳುವ ಹಾಗೆ ಅಂದಳು. ಇಷ್ಟು ವರ್ಷದಲ್ಲಿ ನನಗೆ ಯಾರೂ ಹಾಗೆ ಅಂದಿರಲಿಲ್ಲ. ಮನೆಯಲ್ಲಿ ಇಲಿ ಇದೆ ಎಂದುಕೊಂಡೆ. ಜುವಾಲಾನ ಕೈಲಿ ಬೋನು ತರಿಸಿದೆ. ಇಲಿಯೂ ಬಿತ್ತು ಅನ್ನು, ಆದರೆ ಡಬ್ಬಿ ತುಂಬಲಿಲ್ಲ.

ಆ ಇಲಿ ಕಾನ್ಮುನ್ ಗೇಟಿನಲ್ಲಿ ಸಿಕ್ಕಿಬಿತ್ತು. ತ್ರಿಪುರಾ ಕಡೆಗೆ ದಾಟುವಾಗ ಪೊಲೀಸಿನವನು ಎಲ್ಲರ ಚೀಲ ಬಿಚ್ಚಿಸಿದ. ಮಾಲ್ಸೋಮಿಯ ಚೀಲದಲ್ಲಿ ಬಟ್ಟೆಯ ಕೆಳಗೆ ಒಂದು ದಿಂಬಿನ ಚೀಲ, ನೀನೇ ಮದುವೆಗೆ ಮುಂಚೆ ಹೂ ಹಾಕಿದ್ದೆಯಲ್ಲ, ಅದು. ಬಾಯಿಗೆ ಹೊಲಿಗೆ ಹಾಕಿದ್ದಾಳೆ, ಒಳಗೆ ಅಕ್ಕಿ. ಪೊಲೀಸಿನವನು ಕೈಯಲ್ಲಿ ತೂಗಿ "ಅಜ್ಜೀ, ತ್ರಿಪುರಾದಲ್ಲಿ ಅಕ್ಕಿ ಬೆಳೆಯಲ್ಲ ಅಂತ ಯಾರು ಹೇಳಿದ್ರು ನಿಂಗೆ?" ಎಂದು ನಕ್ಕ. ಸುಮೋದವರೆಲ್ಲ ನಕ್ಕರು. ನಾನು ಒಂದು ಮೂಲೆ ಬಿಚ್ಚಿ ನೋಡಿದೆ. ನಮ್ಮ ಗದ್ದೆಯ ಹೊಸ ಅಕ್ಕಿ, ಹಳೇ ಅಕ್ಕಿ, ನಡುವೆ ನಾವು ರೇಷನ್ ತಂದ ವಾರದ ದಪ್ಪ ಅಕ್ಕಿ, ಎಲ್ಲ ಕಲಸಿತ್ತು. ಮೂಟೆಯಿಂದ ತೆಗೆದದ್ದಲ್ಲ. ಹಿಡಿ ಹಿಡಿಯಾಗಿ ಎತ್ತಿಟ್ಟದ್ದು. ಸಂಘದ ಅಕ್ಕಿ.

ನನ್ನ ಮೈ ಉರಿದುಹೋಯಿತು. "ಕಳ್ಳಿ, ದೇವರ ಡಬ್ಬಿಗೇ ಕೈ ಹಾಕಿದೀಯಲ್ಲೇ. ಯಾರಿಗೆ ಮಾರಬೇಕು ಅಂತಿದ್ದೆ?" ಅಂದೆ.

"ಮಾರಲ್ಲ."

"ಮತ್ತೆ ಯಾತಕ್ಕೆ?"

ಸಿಟ್ಟು ಬಂದರೆ ತುಟಿ ಬಿಗಿಯುವುದು ಅವಳಿಗೆ ಎಲ್ಲಿಂದ ಬಂತೋ, ನಮ್ಮ ಮನೆಯಲ್ಲಿ ಎಲ್ಲರೂ ಸಿಟ್ಟು ಬಂದರೆ ಕೂಗುವವರೇ. ನಾನು ಇನ್ನೊಂದು ಸಲ ಕೇಳಲಿಲ್ಲ. ಚೀಲ ಕಸಿದುಕೊಂಡು ನನ್ನ ಕಾಲ ಕೆಳಗೆ ಇಟ್ಟುಕೊಂಡೆ. "ಇದು ದೇವರದ್ದು. ಅಲ್ಲಿ ಚರ್ಚಿನಲ್ಲಿ ನಿನ್ನ ಕೈಯಾರೆ ಸುರೀತೀಯ" ಅಂದೆ. ಉಳಿದ ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಇನ್ನು ನೀನು ನೋಡಿದ್ದನ್ನು ನಾನು ನೋಡಿದ ಹಾಗೆ ಹೇಳುತ್ತೇನೆ, ಕೇಳು.

ಜೀಪು ಇಳಿದು, ಏರು ಹತ್ತಿ, ನಾವು ನಿನ್ನ ಹಳ್ಳಿ ಗೊಂಗಾರಾಯ್ ಪಾರಾ ಮುಟ್ಟಿದಾಗ ನೀನು ಓಡಿ ಬಂದೆ. ಬೆನ್ನಿಗೆ ಒಂದು ಮಗು ಕಟ್ಟಿಕೊಂಡಿದ್ದೆ, ಎರಡೂ ಕೈಯಲ್ಲಿ ಎರಡು, ಹಿಂದೆ ಸಾಲುಗಟ್ಟಿಕೊಂಡು ಉಳಿದವು, ಒಟ್ಟು ನೀನು ನಡೆಸುವ ಹಾಸ್ಟೆಲಿನ ಹದಿನೆಂಟು ಮಕ್ಕಳು. ನಿನಗೆ ಮಗಳನ್ನು ತಬ್ಬಿಕೊಳ್ಳಲು ಕೈ ಖಾಲಿ ಇರಲಿಲ್ಲ. ಒಂದನ್ನು ಬಿಟ್ಟರೆ ಇನ್ನೊಂದು ಸೆರಗಿಗೆ ಜೋತುಬಿತ್ತು. ಎಲ್ಲವೂ "ಅಮ್ಮ, ಅಮ್ಮ" ಎನ್ನುತ್ತಿದ್ದವು. ಅಲ್ಲಿಯ ಬ್ರೂ ಜನರ ಮಕ್ಕಳು ನಿನ್ನನ್ನು ನಮ್ಮ ಮಾತಿನಲ್ಲೇ ಅಮ್ಮ ಎನ್ನುತ್ತವೆ ಎಂದು ನೀನು ಫೋನಿನಲ್ಲಿ ಹೆಮ್ಮೆಯಿಂದ ಹೇಳಿದ್ದೆ, ನಾನೂ ಇಲ್ಲಿ ಸಂಘದಲ್ಲಿ ಅದನ್ನು ಹೇಳಿಕೊಂಡು ಮೆರೆದಿದ್ದೆ. ಪಕ್ಕದಲ್ಲಿ ನಿಂತು ಕೇಳಿದವಳು ಮಾಲ್ಸೋಮಿ.

ನಮ್ಮಲ್ಲಿ ಹೆಂಗಸಿಗೆ ಮೊದಲ ಮಗು ಹುಟ್ಟಿದ ದಿನ ಅವಳ ಹೆಸರು ಹೋಗುತ್ತದೆ, ಮಗುವಿನ ಅಮ್ಮ ಎಂಬುದೇ ಹೆಸರು. ಚಾಂಫಾಯಿಯಲ್ಲಿ ಈಗಲೂ ಯಾರೂ ರಿನ್‌ಪುಯಿ ಹೇಗಿದ್ದಾಳೆ ಎಂದು ಕೇಳುವುದಿಲ್ಲ. ಮಾಲ್ಸೋಮಿಯ ಅಮ್ಮ ಹೇಗಿದ್ದಾಳೆ ಎನ್ನುತ್ತಾರೆ. ನಿನ್ನ ಪಾರಾದಲ್ಲಿ ಆ ಹೆಸರು ಒಬ್ಬರಿಗೂ ಗೊತ್ತಿಲ್ಲ. ಅಲ್ಲಿಯ ಊರ ಮುಖ್ಯಸ್ಥ ಚೌಧುರಿ ನನ್ನನ್ನು "ಹಾಸ್ಟೆಲ್ ಅಮ್ಮನ ಅಮ್ಮ" ಅಂದ, ಮಾಲ್ಸೋಮಿಯನ್ನು ತೋರಿಸಿ "ಈ ಹುಡುಗಿ ಯಾರು, ಹೊಸದಾಗಿ ಸೇರಿದ್ದಾ?" ಎಂದು ಕೇಳಿದ. ನಿನ್ನ ಗಂಡ ಬಿಯಾಕ್‌ಸಾಂಗಾ ತಕ್ಷಣ ತಿದ್ದಿ ಹೇಳಿದ, ನಾನು ಕಂಡೆ. ಮಾಲ್ಸೋಮಿಯೂ ಕಂಡಳು.

ಆಮೇಲೆ ಆ ಅಂಗಿ. ನೀನೇ ಕೂತು ಹೊಲಿದಿದ್ದೆ, ಕಾಲರಿಗೆ ಕೆಂಪು ದಾರದ ಕೆಲಸ, ಚೆನ್ನಾಗಿತ್ತು. ಆದರೆ ಎರಡು ವರ್ಷದ ಹಿಂದೆ ರಜೆಗೆ ಬಂದಾಗ ನೋಡಿದ ಮಗಳ ಅಳತೆಗೆ ಹೊಲಿದಿದ್ದೆ. ತೋಳು ಮೊಣಕೈಗೆ ನಿಂತಿತು. ನೀನು ನಕ್ಕೆ. "ಅಯ್ಯೋ, ಹೋಗ್ಲಿ ಬಿಡು, ಮಾಂತಿರುಂಗ್‌ಗೆ ಸರಿಯಾಗುತ್ತೆ" ಎಂದು ಆ ಹಲ್ಲು ಬಿದ್ದ ಪುಟ್ಟಿಗೆ ಅಲ್ಲೇ ತೊಡಿಸಿದೆ. ಸರಿಯಾಗೇ ಆಯಿತು. ಅದು ಕುಣಿಯಿತು. ಬಟ್ಟೆ ವ್ಯರ್ಥವಾಗಬಾರದು, ನಿಜ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೋ ಏನೋ. ಆದರೂ ಆ ರಾತ್ರಿಯೊಂದಾದರೂ ಅದನ್ನು ಮಾಲ್ಸೋಮಿಯ ದಿಂಬಿನ ಪಕ್ಕ ಇಡಬಹುದಿತ್ತು.

ಈಗ ಕ್ರಿಸ್ಮಸ್ ದಿನಕ್ಕೆ ಬರುತ್ತೇನೆ. ಬೆಳಿಗ್ಗೆ ಗಂಡಸರು ಹಂದಿ ಕೊಯ್ದರು. ಅರವತ್ತು ಮನೆಯಲ್ಲಿ ನಮ್ಮ ಚರ್ಚಿನವರದ್ದು ಹದಿನಾಲ್ಕೇ ಮನೆಯಾದರೂ ಊರೂಟಕ್ಕೆ ಊರೇ ಬಂತು, ಅದು ನನಗೆ ಹಿಡಿಸಿತು. ಆ ಚೌಧುರಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಿಯಾಕ್‌ಸಾಂಗಾನ ಮೂಲಕ ಕೇಳಿಸಿದ: "ನಿಮ್ಮ ದೇವರು ಹುಟ್ಟಿದ ದಿನ ನಮ್ಮೂರ ಹಂದಿ ಯಾಕೆ ಸಾಯಬೇಕು?" "ಅದನ್ನ ಹಂದಿ ಕೇಳಲಿ. ತಿನ್ನೋಕೆ ಬಂದವನು ನೀನ್ಯಾಕೆ ಕೇಳ್ತೀಯ?" ಅಂದೆ. ಬಿಯಾಕ್‌ಸಾಂಗಾ ಅದನ್ನು ಮೃದು ಮಾಡಿ ಹೇಳಲು ಹೋದ. "ಇದ್ದ ಹಾಗೇ ಹೇಳಪ್ಪ" ಅಂದೆ. ಹೇಳಿದ. ಚೌಧುರಿ ತೊಡೆ ತಟ್ಟಿಕೊಂಡು ನಕ್ಕು ನನಗೆ ತನ್ನ ಪಾಲಿನ ಯಕೃತ್ತಿನ ತುಂಡು ಕೊಟ್ಟ. ನಿನ್ನ ಗಂಡ ಒಳ್ಳೆಯವನು, ಸ್ವಲ್ಪ ಮೆತ್ತಗೆ.

ಅದಕ್ಕೆ ಮೊದಲು ಚರ್ಚಿನಲ್ಲಿ ನಡೆದದ್ದೇ ಮುಖ್ಯ. ಡೋಲು ಬಾರಿಸಿ ಹಾಡಾಯಿತು. ಕಾಣಿಕೆಯ ಹೊತ್ತಿಗೆ ನಿನ್ನ ಹದಿನೆಂಟು ಮಕ್ಕಳೂ ಒಬ್ಬೊಬ್ಬರೇ ಬಂದು ತಾವು ಉಳಿಸಿದ ಹಿಡಿ ಅಕ್ಕಿಯನ್ನು ಬುಟ್ಟಿಗೆ ಹಾಕಿದವು. ನೀನು ಅಲ್ಲೂ ಅದನ್ನು ಕಲಿಸಿದ್ದೀಯ, ಅದು ಬೇರೆ. ನಾನು ಮಾಲ್ಸೋಮಿಯ ಬೆನ್ನಿಗೆ ತಿವಿದೆ. ಅವಳು ಎದ್ದಳು. ದಿಂಬಿನ ಚೀಲ ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದೆ ಹೋಗಿ, ನಿನ್ನ ಎದುರಿಗೆ ಒಂದು ಗಳಿಗೆ ನಿಂತಳು. ನೆನಪಿದೆಯಾ ನಿನಗೆ? ನೀನು ಬುಟ್ಟಿ ಮುಂದೆ ಒಡ್ಡಿದೆ. ಅವಳು ಸುರಿದಳು. ನೀನು ಎಲ್ಲರಿಗೂ ಕೇಳುವ ಹಾಗೆ "ನೋಡಿ, ನನ್ನ ಮಗಳು ಅಷ್ಟು ದೂರದಿಂದ ನಿಮಗೆಲ್ಲರಿಗೂ ಅಂತ ಅಕ್ಕಿ ತಂದಿದಾಳೆ" ಅಂದೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು. ಅವಳು ಖಾಲಿ ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದಳು.

ಬುಟ್ಟಿಯ ಅಕ್ಕಿ ಊರೂಟದ ಹಂಡೆಗೆ ಹೋಯಿತು. ಅವಳು ಊಟಕ್ಕೆ ಸಾಲಿನಲ್ಲಿ ಕೂರಲಿಲ್ಲ. ನಿಮ್ಮ ಬಿದಿರು ಮನೆಯ ಏಣಿಯ ಮೇಲೆ ಕೂತಿದ್ದಳು. ಮಾಂತಿರುಂಗ್ ಆ ಅಂಗಿ ಹಾಕಿಕೊಂಡೇ ಬಾಳೆಲೆಯಲ್ಲಿ ಊಟ ಹೊತ್ತುಕೊಂಡು ಹೋಗಿ "ಅಕ್ಕ, ಅಕ್ಕ" ಎಂದು ಕೊಟ್ಟಿತು. ಮಾಲ್ಸೋಮಿ ಅದರ ಮೇಲೆ ಸಿಟ್ಟು ಮಾಡಲಿಲ್ಲ, ಅದನ್ನೂ ನೋಡಿದೆ. ಪಕ್ಕದಲ್ಲಿ ಕೂರಿಸಿಕೊಂಡಳು. ಮಾಂಸ ತಿಂದಳು, ಸೊಪ್ಪು ತಿಂದಳು. ಅನ್ನ ಮುಟ್ಟಲಿಲ್ಲ. ಒಂದು ಅಗುಳೂ ಮುಟ್ಟಲಿಲ್ಲ. ನೀನು ನೀರು ಬಡಿಸುತ್ತಾ ಆ ಕಡೆ ಹೋದವಳು ಎಲೆ ನೋಡಿ "ಅನ್ನ ಬಿಡ್ತಾರೇನೇ? ಇಲ್ಲಿ ಎಷ್ಟು ಜನಕ್ಕೆ ಈ ಒಂದು ಹೊತ್ತಿನ ಅನ್ನಕ್ಕೇ ಕಷ್ಟ ಗೊತ್ತಾ ನಿಂಗೆ?" ಅಂದೆ. ಅವಳು ಎಲೆ ಮಡಿಸಿ ಹಂದಿಗೆ ಹಾಕಿ ಬಂದಳು. ಹಂದಿ ಒಂದು ಉಳಿದಿತ್ತಲ್ಲ.

ಸಂಜೆ ಹಂಡೆಗೆ ಬೂದಿ ಹಾಕಿ ತಿಕ್ಕುವಾಗ ನಾವಿಬ್ಬರೂ ಜಗಳವಾಡಿದೆವು. ನೀನು ನನ್ನ ಮುದ್ದನ್ನು ದೂರಿದೆ. ನಾನು "ಹದಿನೆಂಟು ಹಡೆದವಳಿಗೆ ಒಂದು ಹಡೆದದ್ದು ಮರೆತುಹೋಯಿತು" ಅಂದೆ. ನೀನು ಅತ್ತೆ. ಅತ್ತುಕೊಂಡೇ ಹೇಳಿದೆ, "ನಾವು ಇನ್ನೊಂದು ಅವಧಿಗೆ ಒಪ್ಪಬೇಕು ಅಂತಿದೀವಮ್ಮ. ಮಾಲ್ಸೋಮಿ ನಿನ್ನ ಹತ್ರಾನೇ ಇರಲಿ. ಅಲ್ಲಿ ಶಾಲೆ ಚೆನ್ನಾಗಿದೆ, ಇಲ್ಲಿ ಏನಿದೆ?" ನಾನು ಹಂಡೆ ಮಗುಚಿಟ್ಟು ಎದ್ದು ಹೋದೆ. ಗಂಟು ಕಟ್ಟು ಎನ್ನಲು ಅದೇ ಸರಿಯಾದ ಹೊತ್ತಾಗಿತ್ತು, ಆದರೆ ಬಾಯಿ ಬರಲಿಲ್ಲ. ಆ ಬೆಳಿಗ್ಗೆ ನೀನು ಹದಿನೆಂಟು ತಲೆ ಬಾಚಿದ್ದನ್ನು ನೋಡಿದ್ದೆ. ಒಂದು ಹೇನೂ ಇರಲಿಲ್ಲ. ಒಂದೊಂದು ಮಗುವಿನ ಹತ್ತಿರವೂ ಅದರದೇ ಮನೆಯ ಸುದ್ದಿ ಕೇಳುತ್ತಿದ್ದೆ, ಅವರ ಮಾತಿನಲ್ಲೇ. ನೀನು ಹೊರಟು ಬಂದರೆ ಅವಕ್ಕೆ ಯಾರು? ಇದೇ ನಾನು ಹೇಳದೆ ಬಂದ ಕಾರಣ.

ಹೊರಡುವ ದಿನ ಅವಳು ಜೀಪು ಹತ್ತಿ ಕೂತಳು, ನೀನು ಕೆನ್ನೆಗೆ ಮುತ್ತಿಟ್ಟೆ, ಅವಳು "ಹೋಗಿ ಬರ್ತೀನಿ" ಅಂದಳು. ಅದರ ಮುಂದೆ ಇನ್ನೊಂದು ಮಾತು ಬರುತ್ತದೆಂದು ನೀನು ಕಾದೆ. ನಾನೂ ಕಾದೆ. ಜೀಪು ಹೊರಟಿತು.

ಕಾನ್ಮುನ್ ಮುಟ್ಟಿದಾಗ ಸುಮೋ ಇನ್ನೂ ಬಂದಿರಲಿಲ್ಲ. ಟೀ ಅಂಗಡಿಯಲ್ಲಿ ಕೂತೆವು. ಅದೇ ಪೊಲೀಸಿನವನು ಬಂದು "ಏನಜ್ಜೀ, ಅಕ್ಕಿ ವ್ಯಾಪಾರ ಹೇಗಾಯ್ತು?" ಅಂದ. ಮಾಲ್ಸೋಮಿ ಟೀ ಲೋಟ ಕೆಳಗಿಟ್ಟು ಅತ್ತುಬಿಟ್ಟಳು. ಅಷ್ಟು ದೊಡ್ಡ ಹುಡುಗಿ, ಎಲ್ಲರೆದುರಿಗೆ, ಮೂಗು ಸುರಿಸಿಕೊಂಡು. ಪೊಲೀಸಿನವನು ಹೆದರಿ ಬಿಸ್ಕತ್ತು ತಂದುಕೊಟ್ಟ. ನಾನು "ಅವಳಿಗೆ ಬಿಸ್ಕತ್ತು ಬೇಡ, ನೀನು ಆ ಕಡೆ ಹೋಗಪ್ಪ" ಅಂದೆ. ಆಮೇಲೆ ಮೊದಲ ದಿನವೇ ಕೇಳಬೇಕಾಗಿದ್ದನ್ನು ಕೇಳಿದೆ.

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ನೀನೇ ಹೇಳಿದ್ದೆಯಲ್ಲ ಅಜ್ಜಿ, ನಾನು ಹಾಕೋ ಹಿಡಿ ಅಮ್ಮನಿಗೆ ಹೋಗುತ್ತೆ ಅಂತ. ಯಾವತ್ತೂ ಲಿಯಾನಿ ಅಜ್ಜಿ ಕೈಲೇ ಕೊಟ್ಟು ಕಳಿಸ್ತಿದ್ವಿ. ಈ ಸಲ ನಾವೇ ಹೋಗ್ತಿದೀವಲ್ಲ, ನಾನೇ ಅಮ್ಮನ ಕೈಗೆ ಕೊಡೋಣ ಅಂತ ಎತ್ತಿಟ್ಟಿದ್ದೆ. ಅಮ್ಮ ಅದನ್ನ ಬೇಯಿಸಿಕೊಂಡು ತಿನ್ನೋದನ್ನ ನೋಡಬೇಕಿತ್ತು. ಅವಳು ಬುಟ್ಟಿ ಹಿಡಿದಳು. ಎಲ್ಲರೂ ತಿಂದುಬಿಟ್ಟರು."

ಇದು ಕಳ್ಳತನವೇ, ಅದನ್ನು ನಾನು ಈಗಲೂ ಹೇಳುತ್ತೇನೆ. ಸಂಘದ ಡಬ್ಬಿಯಿಂದ ತೆಗೆದರೆ ಕಳ್ಳತನ, ಯಾರಿಗೆ ಕೊಟ್ಟರೂ ಅಷ್ಟೇ. ಬಂದ ವಾರವೇ ನಮ್ಮ ಮೂಟೆಯಿಂದ ಅಳೆದು ಲಿಯಾನಿಗೆ ಕೊಟ್ಟಿದ್ದೇನೆ, ಕೇಳಿದ್ದಕ್ಕೆ "ರೊಟ್ಟಿ ಬಿಟ್ಟು ಮತ್ತೆ ಅನ್ನ ಶುರು ಮಾಡಿದ್ವಿ" ಅಂದೆ. ಆದರೆ ಅವಳು ಏಣಿಯ ಮೇಲೆ ಕೂತದ್ದು ಯಾಕೆ, ಅನ್ನ ಬಿಟ್ಟದ್ದು ಯಾಕೆ, ಹದಿನೆಂಟು ಬಾಯಿ ಅಮ್ಮ ಎನ್ನುವವಳನ್ನು ಅವಳು ಅಮ್ಮ ಎನ್ನದೆ ಇದ್ದದ್ದು ಯಾಕೆ ಎಂಬುದು ಈಗ ನಿನಗೆ ಗೊತ್ತಾಯಿತು.

ಐಜ್ವಾಲ್ ದಾಟಿ ಬರುವಾಗ ನಾನೇ ಬಾಯಿ ಬಿಟ್ಟೆ. "ಇನ್ನೂ ಒಂದು ಅವಧಿ ಅವರು ಅಲ್ಲೇ ಇರ್ತಾರಂತೆ. ನೀನೂ ಹೋಗ್ತೀಯಾ ಅಲ್ಲಿಗೆ?" ಅಂದೆ. ಅವಳು ಕೇಳಿದಳು: "ಅಲ್ಲಿ ನಾನು ಹತ್ತೊಂಬತ್ತನೇವಳಾ ಅಜ್ಜಿ?"

"ಅದನ್ನ ನಿನ್ನ ಅಮ್ಮನ್ನೇ ಕೇಳ್ತೀನಿ" ಅಂದೆ. ಅದಕ್ಕೇ ಈ ಕಾಗದ.

ಈಗ ನನ್ನ ತೀರ್ಮಾನ ಕೇಳು. ಅವಳು ನನ್ನ ಹತ್ತಿರ ಇರುವುದು ನನಗೆ ಭಾರವಲ್ಲ. ಮನೆ ತುಂಬ ಜನ, ಜುವಾಲಾನ ಮೂರು ಮಕ್ಕಳಿವೆ, ಒಂದು ತಟ್ಟೆ ಹೆಚ್ಚಾದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಒಂದು ಹಿಡಿ ಅಕ್ಕಿ ತೋರಿಸಿ ಮಗುವನ್ನು ಸುಮ್ಮನಿರಿಸುವುದು ಇನ್ನು ನನ್ನಿಂದ ಆಗುವುದಿಲ್ಲ. ಅವಳಿಗೆ ಹನ್ನೊಂದು. ಹಿಡಿ ಎಲ್ಲಿಗೆ ಹೋಗುತ್ತದೆಂದು ಅವಳು ಕಣ್ಣಾರೆ ನೋಡಿ ಬಂದಿದ್ದಾಳೆ. ಆದ್ದರಿಂದ ಎರಡರಲ್ಲಿ ಒಂದು. ಮಾರ್ಚಿಗೆ ನೀವಿಬ್ಬರೂ ಗಂಟು ಕಟ್ಟಿ ಬನ್ನಿ, ಇಲ್ಲ, ಹೊಸ ತರಗತಿ ಶುರುವಾಗುವ ಮೊದಲು ಅವಳನ್ನು ಅಲ್ಲಿಗೆ ಕರೆಸಿಕೊಳ್ಳಿ. ನಾನೇ ತಂದು ಬಿಡುತ್ತೇನೆ. ಮೂರನೆಯದಿಲ್ಲ.

ಶಾಲೆಯ ಮಾತು ಎತ್ತಬೇಡ. ಅಲ್ಲಿ ಓದಿಸುವವಳು ನೀನೇ. ನಿನ್ನ ಶಾಲೆ ನಿನ್ನ ಮಗಳಿಗೆ ಸಾಲದು ಎಂದಾದರೆ ಆ ಹದಿನೆಂಟಕ್ಕೆ ಅದು ಹೇಗೆ ಸಾಕು ಎಂದು ನಿನ್ನ ಮನಸ್ಸಿಗೇ ಕೇಳಿಕೋ. ಚೌಧುರಿ ಕೇಳಿದರೆ ಏನು ಹೇಳುತ್ತೀಯ? ಆ ಮನುಷ್ಯ ಕೇಳದೆ ಬಿಡುವವನಲ್ಲ.

ಕರೆಸಿಕೊಳ್ಳುವುದಾದರೆ ಅವಳ ಪ್ರಶ್ನೆಗೆ ಮೊದಲು ಉತ್ತರ ಕೊಡು. ಹತ್ತೊಂಬತ್ತನೆಯವಳೋ ಅಲ್ಲವೋ ಎಂದು ನೀನೇ ಅವಳಿಗೆ ಬರಿ. "ದೇವರ ಮನೆಯಲ್ಲಿ ಎಲ್ಲರೂ ಸಮ" ಎಂದು ಬಿಯಾಕ್‌ಸಾಂಗಾ ಬರೆಯಲು ಹೊರಟರೆ ಪೆನ್ನು ಕಿತ್ತುಕೋ. ದೇವರ ಮನೆಯ ವಿಷಯ ದೇವರು ನೋಡಿಕೊಳ್ಳುತ್ತಾನೆ. ಅವಳು ಕೇಳಿದ್ದು ನಿನ್ನ ಮನೆಯದ್ದು.

ಉತ್ತರ ಕಾಗದದಲ್ಲೇ ಬರಬೇಕು, ಫೋನು ಬೇಡ. ಫೋನಿನಲ್ಲಿ ನೀನು ಪ್ರಾರ್ಥನೆ ಮಾಡಿ ಇಟ್ಟುಬಿಡುತ್ತೀಯ. ಕಾನ್ಮುನ್‌ನ ಸುಮೋದವನ ಕೈಲಿ ಕೊಟ್ಟರೆ ಐಜ್ವಾಲ್‌ಗೆ ಬರುತ್ತದೆ, ಅಲ್ಲಿಂದ ಇಲ್ಲಿಗೆ ನಾನು ತರಿಸಿಕೊಳ್ಳುತ್ತೇನೆ. ಬಿಯಾಕ್‌ಸಾಂಗಾನ ಕೆಮ್ಮಿಗೆ ಶುಂಠಿ ಕೊಡು, ಬರಿ ಪ್ರಾರ್ಥನೆ ಸಾಲದು. ಚೌಧುರಿಗೆ ನಾನು ಕೇಳಿದೆ ಎನ್ನು.

ಇಂತಿ,
ರಿನ್‌ಪುಯಿಯ ಅಮ್ಮ
(ಸೈಖುಮಿ)

ಹಾಳೆಯ ಹಿಂದೆ ಬರೆದದ್ದು: ಹ್ರಾಂಗ್‌ಕೀಮಾ ನಿನಗೆ ಒಂದು ದಿಂಬಿನ ಚೀಲ ಕೊಡುತ್ತಾರೆ. ಹೂವಿನದೇ, ಅದೇ ಚೀಲ. ಒಳಗಿರುವುದು ಸಂಘದ ಅಕ್ಕಿಯಲ್ಲ, ಹೆದರಬೇಡ. ಬಂದ ಮಾರನೇ ದಿನ ನಾನು ಸಂಘದ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ ಇಟ್ಟೆ. ಯಾರಿಗೂ ಏನೂ ಹೇಳಲಿಲ್ಲ. ಮೊದಮೊದಲು ಅದಕ್ಕೆ ನಾನೊಬ್ಬಳೇ ಹಾಕುತ್ತಿದ್ದೆ. ಅವಳು ಸಂಘದ ಡಬ್ಬಿಗೆ ಒಂದು ಹಿಡಿ ಹಾಕಿ, ಪಕ್ಕದ್ದನ್ನು ನೋಡಿಯೂ ನೋಡದ ಹಾಗೆ ಹೋಗುತ್ತಿದ್ದಳು. ಕಳೆದ ಭಾನುವಾರ ನಾನು ಒಲೆ ಹೊತ್ತಿಸಲು ಹೋದಾಗ ಅದರಲ್ಲಿ ನನ್ನ ಹಿಡಿಗಿಂತ ಮೊದಲೇ ಒಂದು ಸಣ್ಣ ಹಿಡಿ ಬಿದ್ದಿತ್ತು. ಅಂದಿನಿಂದ ದಿನವೂ ಬೀಳುತ್ತಿದೆ. ಚೀಲದ ಬಾಯಿ ಹೊಲಿದವಳು ಅವಳೇ. ಇದನ್ನು ಹದಿನೆಂಟು ಮಂದಿಗೆ ಹಂಚಬೇಡ. ಬಿಯಾಕ್‌ಸಾಂಗಾನಿಗೂ ಬೇಡ. ಬುಟ್ಟಿ ತರಬೇಡ. ಮಕ್ಕಳು ಮಲಗಿದ ಮೇಲೆ ನೀನೊಬ್ಬಳೇ ಬೇಯಿಸಿಕೊಂಡು ತಿನ್ನು, ತಿಂದು ಹೇಗಿತ್ತೆಂದು ಅವಳಿಗೆ ಬರಿ. ನನಗೆ ಒಂದು, ಅವಳಿಗೆ ಒಂದು, ಎರಡು ಉತ್ತರವೂ ಒಂದೇ ಲಕೋಟೆಯಲ್ಲಿ ಫೆಬ್ರವರಿ ಹತ್ತರೊಳಗೆ ನನ್ನ ಕೈಗೆ ಬರಬೇಕು.